ಪುಕ್ಕಟೆ ಟೆಂಪ್ಲೇಟಿನಲ್ಲಿ ನಾಲ್ಕೇ ಜಾಗ

ನಮ್ಮ ಮನೆಯ ಗೋಡೆಯಲ್ಲಿ ದುಡ್ಡು ಕೊಟ್ಟು ತಂದ ಕ್ಯಾಲೆಂಡರ್ ಒಂದು ದಿನವೂ ತೂಗಿದ್ದಿಲ್ಲ. ಹೊಸ ವರ್ಷ ಬಂತೆಂದರೆ ಪುತ್ತೂರಿನ ಜವಳಿ ಅಂಗಡಿಯದ್ದು, ಸುಳ್ಯದ ಗೊಬ್ಬರದ ಅಂಗಡಿಯದ್ದು, ನಮ್ಮವರ ರಬ್ಬರ್ ಶೀಟಿನ ಅಂಗಡಿಗೆ ಯಾರೋ ತಂದುಕೊಟ್ಟದ್ದು ಎಂದು ಒಂದರ ಮೇಲೊಂದು ಬಂದು ಬೀಳುತ್ತವೆ. ಚಿತ್ರದ ಲಕ್ಷ್ಮಿ ಎಷ್ಟೇ ಚೆಂದವಿರಲಿ, ಅವಳ ಪಾದದ ಕೆಳಗೆ ಅಂಗಡಿಯ ಹೆಸರು ಪಾದಕ್ಕಿಂತ ದೊಡ್ಡದಾಗಿರುತ್ತದೆ. ಚಿಕ್ಕವಳಿದ್ದಾಗ ಸಂಜೆ ದೀಪದ ಮುಂದೆ ಕೂತು ಶ್ಲೋಕ ಹೇಳುತ್ತ ಹೇಳುತ್ತ, ಅದೇ ರಾಗದಲ್ಲಿ ‘ಸೀರೆ, ಶರ್ಟಿಂಗ್ಸ್ ಮತ್ತು ಸೂಟಿಂಗ್ಸ್’ ಎಂದೂ ಸೇರಿಸಿ ಕೈಮುಗಿಯುತ್ತಿದ್ದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳಿಗೆ ಎಷ್ಟೊಂದು ಶ್ಲೋಕ ಬರುತ್ತದೆ ಎಂದು ಅವಳಿಗೆ ಸಂತೋಷವೋ ಸಂತೋಷ.

ಈ ಕ್ಯಾಲೆಂಡರುಗಳು ನೆನಪಾದದ್ದು ವಾರಿಜ ಲ್ಯಾಪ್‌ಟಾಪ್ ತೆರೆದು, “ಪುಕ್ಕಟೆಯದ್ದು ತಗೊಂಡ್ರೆ ಅಡಿಯಲ್ಲಿ ಆ ಕಂಪನಿಯ ಹೆಸರು ಇರ್ತದೆ ಅಕ್ಕ, ತೆಗೀಲಿಕ್ಕೆ ಆಗುದಿಲ್ಲ” ಎಂದಾಗ.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಂಡೆಕೋಲಿನಲ್ಲಿ ಸುಮತಿಯಕ್ಕನ ಮನೆಯ ಪಕ್ಕ ತಗಡಿನ ಶೀಟು ಹೊದಿಸಿದ ಒಂದು ಕೊಠಡಿ ಉಂಟು. ಅಲ್ಲಿ ನಾವು ಐದು ಹೆಂಗಸರು ಸೇರಿ ಹಲಸಿನ ಹಪ್ಪಳ, ಮಾವಿನ ಹಣ್ಣಿನ ರಸ ಒಣಗಿಸಿದ ಮಾಂಬಳ, ಕಾಡಿನ ಕಾಟು ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಸುಮತಿಯಕ್ಕ ಯಜಮಾನ್ತಿ. ಕಮಲಕ್ಕ ಎಲ್ಲರಿಗಿಂತ ಹಿರಿಯಳು, ಬಾಯಿ ಮಾತ್ರ ಎಲ್ಲರಿಗಿಂತ ಎಳೆಯದು. ಜಯಂತಿ ಹೆಚ್ಚು ಮಾತಾಡುವವಳಲ್ಲ, ಕೇಳಿದ್ದಕ್ಕೆಲ್ಲ ನಗುತ್ತಾಳೆ. ವಾರಿಜ ಮದುವೆಗೆ ಮೊದಲು ಸುಳ್ಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವಳು. ಆದ್ದರಿಂದ ಈ ಭೂಮಿಯಲ್ಲಿ ವಯರು ಇರುವ ಯಾವ ವಸ್ತು ಕೆಟ್ಟರೂ ನಾವು ಕರೆಯುವುದು ಅವಳನ್ನೇ. ಐದನೆಯವಳು ನಾನು, ಶಾರದೆ. ಮಾಂಬಳ ನನ್ನ ಕೈಯದ್ದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ ಎಂದುಕೊಂಡರೂ ನನಗೇನೂ ಬೇಸರವಿಲ್ಲ.

ಪೇಟೆಯವರೆಲ್ಲ “ನಿಮ್ಮದು ವೆಬ್‌ಸೈಟು ಇಲ್ವಾ?” ಎಂದು ಕೇಳತೊಡಗಿದ ಮೇಲೆ ನಮಗೂ ಒಂದು ಇರಲಿ ಅನ್ನಿಸಿತು. ವೆಬ್‌ಸೈಟನ್ನು ಬುಡದಿಂದ ಕಟ್ಟಬೇಕಾಗಿಲ್ಲವಂತೆ. ಯಾರೋ ಮೊದಲೇ ಚೌಕಟ್ಟು ಮಾಡಿ ಇಟ್ಟಿರುತ್ತಾರೆ, ಅದಕ್ಕೆ ಟೆಂಪ್ಲೇಟು ಎಂದು ಹೆಸರು. ನಾವು ನಮ್ಮ ಚಿತ್ರ, ನಮ್ಮ ಮಾತು ತುಂಬಿದರೆ ಆಯಿತು. ಪುಕ್ಕಟೆಯದ್ದೂ ಉಂಟು, ದುಡ್ಡಿನದ್ದೂ ಉಂಟು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸುಮತಿಯಕ್ಕ ಇನ್ನೊಂದನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಪುಕ್ಕಟೆ ಸಿಕ್ಕುವಾಗ ದುಡ್ಡು ಕೊಡುದಾ? ನಮಗೆ ಮಂಡೆ ಸರಿ ಇಲ್ವಾ?”

ಪುಕ್ಕಟೆಯದ್ದು ಚೆಂದವೇ ಇತ್ತು. ಹಸಿರು ಬಣ್ಣ, ಮೇಲೊಂದು ದೊಡ್ಡ ಚಿತ್ರ, ಕೆಳಗೆ ‘ನಮ್ಮ ತಂಡ’ ಎಂದು ನಾಲ್ಕು ವೃತ್ತ. ಅವುಗಳೊಳಗೆ ಬಿಳಿ ಕೋಟು ಹಾಕಿದ ನಾಲ್ಕು ಪರದೇಶದ ಹೆಂಗಸರು ಹಲ್ಲು ತೋರಿಸುತ್ತಿದ್ದರು. ಅವರನ್ನು ಎಬ್ಬಿಸಿ ಅಲ್ಲಿ ನಾವು ಕೂರಬೇಕು. ಐದನೆಯ ವೃತ್ತ ಸೇರಿಸಲು ಹೋದರೆ ಒಂದು ಸಣ್ಣ ಬೀಗದ ಚಿತ್ರ ಬರುತ್ತಿತ್ತು. ಬೀಗ ತೆಗೆಯಬೇಕಾದರೆ ದುಡ್ಡಿನದ್ದಕ್ಕೆ ಹೋಗಬೇಕು.

“ನಾಲ್ಕೇ ಜಾಗ ಇರುದು. ಯಾರದ್ದೆಲ್ಲ ಹಾಕುದು?” ಎಂದು ವಾರಿಜ ಕೇಳಿದಳು.

ಐದೂ ಜನ ಒಟ್ಟಿಗೇ ಹೇಳಿದೆವು: “ನಂದು ಬೇಡಪ್ಪ.”

ಇಲ್ಲಿ ನಮ್ಮ ಕಡೆಯ ಒಂದು ಕ್ರಮವನ್ನು ಹೇಳಬೇಕು. ನಾವು ಬೇಡ ಎನ್ನುವುದನ್ನು ಅನ್ನ ತಿನ್ನಲು ಕಲಿಯುವ ಮೊದಲೇ ಕಲಿಯುತ್ತೇವೆ. ಕನ್ನಡದಲ್ಲಿ ಬೇಡ, ತುಳುವಿನಲ್ಲಿ ಬೊಡ್ಚಿ, ಕೇರಳದ ಗಡಿ ದಾಟಿದರೆ ವೇಂಡ. ಯಾರ ಮನೆಗೆ ಹೋದರೂ, ಅವರು ಏನು ತಂದಿಟ್ಟರೂ, ಮೊದಲು ಬೇಡ. ಆಗ ಅವರು ಒತ್ತಾಯ ಮಾಡಬೇಕು. ಎರಡನೆಯ ಸಲದ ಬೇಡ ಸ್ವಲ್ಪ ಮೆತ್ತಗಿರಬೇಕು. ಮೂರನೆಯ ಒತ್ತಾಯಕ್ಕೆ “ಅಯ್ಯೋ, ಹಾಗಾದ್ರೆ ಸ್ವಲ್ಪವೇ ಸಾಕು” ಎಂದು ತಟ್ಟೆ ಹಿಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವರನ್ನು ‘ಆಸೆಬುರುಕಿ’ ಎನ್ನುತ್ತಾರೆ. ಮೂರನೆಯದ್ದಕ್ಕೂ ಬೇಡ ಎಂದವರಿಗೆ ಅಹಂಕಾರ ಎನ್ನುತ್ತಾರೆ. ನಡುವಿನ ಆ ಸಣ್ಣ ಓಣಿಯಲ್ಲೇ ನಾವು ಜೀವಮಾನವಿಡೀ ನಡೆದುಕೊಂಡು ಬಂದಿರುವುದು.

ನನ್ನ ತವರು ಗುತ್ತಿಗಾರು. ಅಲ್ಲಿಗೊಮ್ಮೆ ಘಟ್ಟದ ಮೇಲಿನ ಮೇಷ್ಟ್ರೊಬ್ಬರು ವರ್ಗವಾಗಿ ಬಂದರು. ಅಮ್ಮ ನನ್ನನ್ನು ಕರೆದುಕೊಂಡು ಅವರ ಮನೆಗೆ ಮಾತಾಡಿಸಲು ಹೋಗಿದ್ದಳು. ಮೇಷ್ಟ್ರ ಹೆಂಡತಿ ಒಂದು ಡಬ್ಬ ತಂದು ಮುಚ್ಚಳ ತೆಗೆದರು. ಬೆಣ್ಣೆ ಹಾಕಿದ ಚಕ್ಕುಲಿ. ಆ ಪರಿಮಳ ಈಗಲೂ ಮೂಗಿನಲ್ಲಿ ಉಂಟು. ಅಮ್ಮ ಕಣ್ಣಲ್ಲೇ ನೆನಪಿಸಿದಳು. “ಬೇಡ” ಎಂದೆ. “ಹೌದಾ ಪುಟ್ಟಿ? ಸರಿ ಬಿಡು” ಎಂದು ಆ ಮಹಾತಾಯಿ ಮುಚ್ಚಳ ಹಾಕಿಯೇ ಬಿಟ್ಟರು! ಒಬ್ಬ ಮನುಷ್ಯ ಇನ್ನೊಬ್ಬರಿಗೆ ಇಷ್ಟು ದೊಡ್ಡ ಅನ್ಯಾಯ ಮಾಡುವುದುಂಟು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅತ್ತೆ. “ಬೇಡ ಅಂತ ಹೇಳಿದ್ದು ನೀನೇ ಅಲ್ವಾ? ಈಗ ಎಂತಕ್ಕೆ ಕೂಗುದು?” ಎಂದು ಅಮ್ಮನಿಂದ ಬೈಗುಳ ಬೇರೆ.

ಇರಲಿ, ವೃತ್ತಗಳ ವಿಷಯಕ್ಕೆ ಬರುತ್ತೇನೆ. ಐದು ಬೇಡಗಳು ಬಿದ್ದ ಮೇಲೆ ಒತ್ತಾಯ ಶುರುವಾಯಿತು. “ಕಮಲಕ್ಕ ಹಿರಿಯರು, ಅವರಿಲ್ಲದೆ ಆಗುದಾ?” ಎಂದು ನಾನೇ ಮುಂದೆ ಬಿದ್ದು ಒತ್ತಾಯಿಸಿದೆ. ಮೂರಕ್ಕೆ ಸರಿಯಾಗಿ ಕಮಲಕ್ಕ ಒಪ್ಪಿದಳು. ಸುಮತಿಯಕ್ಕ ಎರಡಕ್ಕೇ ಒಪ್ಪಿದಳು, ಯಜಮಾನ್ತಿಗೆ ಅಷ್ಟು ರಿಯಾಯಿತಿ ಉಂಟು. ವಾರಿಜ ಮಾಡುವವಳೇ ಆದ್ದರಿಂದ ಹೆಚ್ಚು ಕುಣಿಯಲಿಲ್ಲ. ಜಯಂತಿಯದ್ದು ಮಾತ್ರ ದೊಡ್ಡ ಕತೆ. ಅವಳು ಬೇಡ ಬೇಡ ಎಂದು ಹಿಂದೆ ಹಿಂದೆ ಸರಿದಷ್ಟೂ ನಾವು ಮುಂದೆ ಮುಂದೆ ಹೋಗಿ, ಅಂಗಳದಲ್ಲಿ ಹಪ್ಪಳದ ಗೆರಸೆಯನ್ನು ಬಲಗೈಯಲ್ಲಿ ತಲೆಗಿಂತ ಮೇಲೆತ್ತಿ ಅವಳು ನಗುತ್ತಿದ್ದ ಹಳೆಯ ಫೋಟೋ ಒಂದನ್ನು ವಾರಿಜಳ ಫೋನಿನಲ್ಲಿ ಹುಡುಕಿ, “ಇದೇ ಆಗಬೇಕು” ಎಂದು ಹಾಕಿಸಿಯೇ ಬಿಟ್ಟೆವು.

ಉಳಿದವಳು ನಾನು. “ಶಾರದಂದು ಎಂತ ಮಾಡುದು?” ಎಂದಳು ಸುಮತಿಯಕ್ಕ. ನಾಲ್ಕು ಜಾಗ ತುಂಬಿದ್ದರೂ ಏನಾದರೊಂದು ದಾರಿ ಮಾಡುತ್ತಾರೆ ಎಂಬ ಧೈರ್ಯದಲ್ಲಿ, “ಛೆ, ನಂದು ಎಂತಕ್ಕೆ? ಬೇಡ” ಎಂದೆ. “ಅದು ಹೇಗಾಗ್ತದೆ...” ಎಂದು ಸುಮತಿಯಕ್ಕ ಮೊದಲ ಒತ್ತಾಯಕ್ಕೆ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಬೆಳಗಿನಿಂದ ಹೋಗಿದ್ದ ಕರೆಂಟು ಬಂದುಬಿಟ್ಟಿತು!

ಬೆಂದ ಹಲಸಿನ ಸೊಳೆ ಗ್ರೈಂಡರಿನ ಪಕ್ಕದಲ್ಲಿ ತಣಿಯುತ್ತ ಕೂತಿತ್ತು. ಕರೆಂಟು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಎಲ್ಲರೂ ಎದ್ದು ಓಡಿದರು. ನಾನೂ ಓಡಿದೆ. ಸೊಳೆ ರುಬ್ಬಿಯಾಯಿತು, ಹಪ್ಪಳ ಒತ್ತಿಯಾಯಿತು. ನನ್ನ ಬೇಡ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಮರುದಿನ ಯಾರಾದರೂ ಎತ್ತುತ್ತಾರೆ ಎಂದು ಕಾದೆ. ಯಾರೂ ಎತ್ತಲಿಲ್ಲ. ನಾನಾಗಿ ಎತ್ತುವುದು ಹೇಗೆ? ಬಿಟ್ಟುಹೋದ ಎರಡು ಒತ್ತಾಯ ಬಾಕಿ ಉಂಟು, ಮಾಡಿ ಮುಗಿಸಿ ಎಂದು ಹೇಳಲಾಗುತ್ತದೆಯೇ?

ಆಗ ನನಗೆ ದುಡ್ಡಿನ ಟೆಂಪ್ಲೇಟಿನ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಅದರಲ್ಲಿ ಎಷ್ಟು ವೃತ್ತ ಬೇಕಾದರೂ ಮಾಡಬಹುದಲ್ಲ!

ಮೊದಲು ಮರ್ಯಾದೆಯ ಪ್ರಶ್ನೆ ಎತ್ತಿದೆ. “ನಮ್ಮ ವೆಬ್‌ಸೈಟಿನ ಅಡಿಯಲ್ಲಿ ಬೇರೆಯವರ ಹೆಸರು ಎಂತಕ್ಕೆ? ನೋಡಿದವರು ಎಂತ ಹೇಳಿಯಾರು?” ಅದಕ್ಕೊಂದು ಉದಾಹರಣೆಯೂ ಕೊಟ್ಟೆ. ಹಿಂದೆ ಮದುವೆ ಮುಂಜಿಗೆ ದೊಡ್ಡ ಪಾತ್ರೆಗಳನ್ನು ಆಚೀಚೆ ಮನೆಗಳಿಂದ ತರುತ್ತಿದ್ದರು. ಒಂದೊಂದರ ಅಂಚಿನಲ್ಲೂ ಆ ಮನೆಯ ಹೆಸರು ಕೆತ್ತಿರುತ್ತಿತ್ತು. ನಮ್ಮ ಮನೆಯ ಒಂದು ಊಟದಲ್ಲಿ ದೂರದ ಮಾವನೊಬ್ಬರು ಪಾಯಸದ ಪಾತ್ರೆಯ ಹೆಸರನ್ನು ಗಟ್ಟಿಯಾಗಿ ಓದಿ, “ಓ, ಇದು ಇಂಥವರದ್ದಾ?” ಎಂದಿದ್ದರು. ಅಪ್ಪನ ಮುಖ ಸಣ್ಣದಾಗಿತ್ತು.

ಸುಮತಿಯಕ್ಕ ಹಪ್ಪಳ ಎಣಿಸುತ್ತಲೇ ಕೇಳಿದಳು, “ಮತ್ತೆ ಆ ಮಾವ ಪಾಯಸ ತಿನ್ನಲಿಲ್ವಾ?”

ಮೂರು ಸಲ ಹಾಕಿಸಿಕೊಂಡಿದ್ದರು. ಆ ವಾದ ಅಲ್ಲಿಗೆ ಮುಗಿಯಿತು.

ಎರಡನೆಯದಕ್ಕೆ ತುಂಬ ಕಷ್ಟಪಟ್ಟೆ. ಫೋನಿನಲ್ಲಿ ಹುಡುಕಿ ಹುಡುಕಿ ನಮ್ಮದೇ ಟೆಂಪ್ಲೇಟನ್ನು ಹಾಕಿಕೊಂಡಿದ್ದ ಒಂದು ಹಲ್ಲಿನ ಆಸ್ಪತ್ರೆಯನ್ನು ಪತ್ತೆ ಮಾಡಿದೆ. ಎಲ್ಲಿಯದ್ದೋ ಏನೋ, ಅದೇ ಹಸಿರು, ಅದೇ ನಾಲ್ಕು ವೃತ್ತ. “ನೋಡಿ, ಹಪ್ಪಳಕ್ಕೂ ಹಲ್ಲಿಗೂ ಒಂದೇ ಅಂಗಿ! ಯಾರಾದರೂ ಹಲ್ಲು ಕೀಳಿಸಲಿಕ್ಕೆ ನಮ್ಮಲ್ಲಿಗೆ ಬಂದರೆ?” ಎಂದು ಗೆದ್ದವಳ ಹಾಗೆ ಫೋನು ತೋರಿಸಿದೆ.

ಕಮಲಕ್ಕ ಕನ್ನಡಕ ಏರಿಸಿ ನೋಡಿದಳು. “ಒಳ್ಳೆದೇ ಆಯ್ತಲ್ಲ ಮಾರಾಯ್ತಿ. ನಮ್ಮ ಸಾಂತಾಣಿ ಜಗಿದು ಹಲ್ಲು ಹೋದವರು ಅಲ್ಲಿಗೆ ಹೋಗ್ಲಿ.” ಸಾಂತಾಣಿ ಎಂದರೆ ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ. ಕಲ್ಲಾದರೂ ಕರಗೀತು, ಅದು ಕರಗದು. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದೇ ಸಿಟ್ಟು.

ಮೂರನೆಯದಾಗಿ ಕಳ್ಳರನ್ನು ಕರೆತಂದೆ. ಪುಕ್ಕಟೆಯದ್ದಕ್ಕೆ ಭದ್ರತೆ ಇಲ್ಲ, ಕಳ್ಳರು ನುಗ್ಗುತ್ತಾರಂತೆ ಎಂದು ನಮ್ಮವರ ಫೋನಿಗೆ ಬಂದಿದ್ದ ಒಂದು ಸಂದೇಶವನ್ನು ಓದಿ ಹೇಳಿದೆ. “ನುಗ್ಗಿ ಎಂತ ಕೊಂಡು ಹೋಗ್ತಾರೆ? ಹಪ್ಪಳದ ಚಿತ್ರವಾ?” ಎಂದಳು ಸುಮತಿಯಕ್ಕ.

ನಮ್ಮವರು ಇದನ್ನೆಲ್ಲ ದೂರದಿಂದ ನೋಡುತ್ತ ಇದ್ದವರು ಒಂದು ದಿನ ಊಟಕ್ಕೆ ಕೂತಾಗ, “ಮನೆಗೆ ಗ್ಯಾಸಿನ ಒಲೆ ದುಡ್ಡು ಕೊಟ್ಟು ತರುವಾಗ ನೀನು ಇಷ್ಟು ಮಾತಾಡಿದ್ದಿಲ್ಲ. ಇದರಲ್ಲಿ ಎಂತದೋ ಉಂಟು” ಎಂದರು. “ನಿಮಗೆ ವೆಬ್‌ಸೈಟಿನ ವಿಷಯ ಎಂತ ಗೊತ್ತುಂಟು?” ಎಂದು ಅವರ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿ ಬಾಯಿ ಮುಚ್ಚಿಸಿದೆ.

ಎಂತದೋ ಇದ್ದದ್ದು ನಿಜ. ಬೀರುವಿನಲ್ಲಿ ಸೀರೆಗಳ ನಡುವೆ ಒಂದು ಲಕೋಟೆಯಲ್ಲಿತ್ತು. ವೆಬ್‌ಸೈಟಿನ ಮಾತು ಎದ್ದ ಹೊಸತರಲ್ಲಿ ಪುತ್ತೂರಿಗೆ ಹೋದಾಗ ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು, ಸ್ಟುಡಿಯೋಕ್ಕೆ ನುಗ್ಗಿ ಒಂದು ಫೋಟೋ ತೆಗೆಸಿಕೊಂಡಿದ್ದೆ. “ಎಂತಕ್ಕೆ ಅಕ್ಕ ಫೋಟೋ?” ಎಂದು ಸ್ಟುಡಿಯೋದವರು ಕೇಳಿದಾಗ ಬಾಯಿಗೆ ಬಂದದ್ದು “ಬ್ಯಾಂಕಿಗೆ.” ಅವರು ಕ್ಯಾಮೆರಾದಿಂದ ಮುಖ ಎತ್ತಿ, “ಬ್ಯಾಂಕಿಗೆ ಇಷ್ಟೆಲ್ಲ ನಗು ಬೇಡ” ಎಂದರು. ನಗು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಹಾಗಾಗಿ, ಸಾಲ ಕೇಳಲು ಹೋಗುವವಳದ್ದಲ್ಲ, ಬ್ಯಾಂಕನ್ನೇ ಕೊಳ್ಳಲು ಹೋಗುವವಳದ್ದು ಎನ್ನುವಂಥ ಒಂದು ಫೋಟೋ ಬಂತು.

ಅಷ್ಟರಲ್ಲಿ ಪುಕ್ಕಟೆ ಟೆಂಪ್ಲೇಟಿನಲ್ಲೇ ವೆಬ್‌ಸೈಟು ತೆರೆದುಕೊಂಡಿತ್ತು. ಹಳೆಯ ಗಿರಾಕಿಗಳಲ್ಲಿ ಕೆಲವರಿಗೆ ಮಾತ್ರ ತೋರಿಸಿದ್ದೆವು. ಎಲ್ಲರೂ ನೋಡಿ ಸರಿಯಾಯಿತೆಂದ ಮೇಲೆ ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಾಕುವುದೆಂದು ಮಾತು. ಅದು ಒಂದು ಸಲ ಹೋಯಿತೆಂದರೆ ಪುತ್ತೂರಿನಿಂದ ಗುಂಡ್ಯದವರೆಗೆ ಎಲ್ಲರ ತಲೆಯಲ್ಲೂ ಆ ನಾಲ್ಕು ಮುಖಗಳೇ ಅಚ್ಚಾಗುತ್ತವೆ, ಆಮೇಲೆ ಐದನೆಯದನ್ನು ತಂದಿಟ್ಟರೆ ನಿನ್ನೆ ಮೊನ್ನೆ ಸೇರಿದವಳು ಎಂದುಕೊಳ್ಳುತ್ತಾರೆ. ಆ ದಿನವನ್ನು ಹೇಗಾದರೂ ಮುಂದೆ ಹಾಕಿಸುವುದೇ ನನ್ನ ಕೆಲಸವಾಯಿತು. ಆಶ್ಚರ್ಯವೆಂದರೆ, ಅದಕ್ಕೆ ಜಯಂತಿಯ ಬೆಂಬಲ ಸಿಗುತ್ತಿತ್ತು. “ಅಂಥ ಅವಸರ ಎಂತ ಉಂಟು?” ಎನ್ನುತ್ತಿದ್ದಳು. ಪಾಪ, ಇವಳಿಗೊಬ್ಬಳಿಗೆ ನನ್ನ ಕಷ್ಟ ಗೊತ್ತಾಗಿದೆ ಎಂದುಕೊಂಡು ಅವಳಿಗೆ ಎರಡು ತುಂಡು ಮಾಂಬಳ ಹೆಚ್ಚು ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಕೊಠಡಿಯ ಫೋನು ನಾನೇ ಎತ್ತಿದೆ. ಪುತ್ತೂರಿನ ಹೆಂಗಸೊಬ್ಬರು, ಮಗಳ ಸೀಮಂತಕ್ಕೆ ಮಾಂಬಳ ಬೇಕಂತೆ. “ವೆಬ್‌ಸೈಟು ನೋಡಿದೆ. ನಾಲ್ಕೇ ಹೆಂಗಸರು ಸೇರಿ ಇಷ್ಟೆಲ್ಲ ಮಾಡ್ತೀರಲ್ಲ, ಮೆಚ್ಚಬೇಕು. ನೀವು ಅದರಲ್ಲಿ ಯಾರು?” ಎಂದು ಕೇಳಿದರು.

“ನಾನು ಫೋನು ತೆಗೆಯುವವಳು” ಎಂದೆ.

ನಗೆಯಾಡುತ್ತಲೇ ಹೇಳಿದ್ದು. ಆದರೆ ಫೋನು ಇಟ್ಟ ಮೇಲೆ ಮಾಂಬಳದ ಡಬ್ಬದ ಮುಚ್ಚಳ ತೆಗೆದು ನೋಡುತ್ತ ನಿಂತೆ. ಬಿಸಿಲಿಗೆ ಚಾಪೆ ಹಾಕಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಹಣ್ಣಿನ ರಸ ಸುರಿದು, ಮೋಡ ಕಂಡರೆ ಓಡಿ, ಕಾಗೆ ಓಡಿಸಿ, ಇರುವೆ ಓಡಿಸಿ ಮಾಡಿದ ಮಾಂಬಳ. ಆ ಮಾಂಬಳವನ್ನೇ ಬೇಕೆಂದು ಕೇಳಿದವರಿಗೆ ನಾನು ಇದ್ದೇನೆಂದೇ ಗೊತ್ತಿಲ್ಲ. ತುಂಬ ಬೇಸರವಾಯಿತು. ಯಾರ ಮೇಲೆ ಬೇಸರಪಡುವುದು? ಅಂದು ಯಾರೂ ತಪ್ಪು ಮಾಡಿರಲಿಲ್ಲ, ಕರೆಂಟು ಬಂದಿತ್ತು ಅಷ್ಟೆ.

ಮುಂದಿನ ವಾರ ಗುತ್ತಿಗಾರಿಗೆ ಹೋಗಿದ್ದೆ. ಅಮ್ಮ ತಮ್ಮನ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳೊಟ್ಟಿಗೆ ಜಗಳ ಮಾಡುವಷ್ಟು ಗಟ್ಟಿಯಾಗಿದ್ದಾಳೆ. ಮಾತಿಗೆ ಮಾತು ಬಂದು ಫೋನಿನಲ್ಲಿ ವೆಬ್‌ಸೈಟು ತೋರಿಸಿದೆ. ಅವಳು ಒಂದೊಂದೇ ವೃತ್ತದ ಮೇಲೆ ಬೆರಳಿಟ್ಟು ನೋಡಿದಳು.

“ನೀನೆಲ್ಲಿ?”

“ನಾಲ್ಕೇ ಜಾಗ ಅಮ್ಮ. ನಾನು ಬೇಡ ಅಂದೆ.”

“ಒತ್ತಾಯ ಮಾಡ್ಲಿಲ್ವಾ?”

“ಮಾಡುವಷ್ಟರಲ್ಲಿ ಕರೆಂಟು ಬಂತು.”

ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಆಚೀಚೆ ನೋಡಿ, ತಮ್ಮನ ಹೆಂಡತಿ ಹತ್ತಿರ ಇಲ್ಲ ಎಂದು ಖಾತ್ರಿ ಮಾಡಿಕೊಂಡು, “ನಿನ್ನ ಮದುವೆಯಲ್ಲಿ ನಂಗೆ ಹೋಳಿಗೆ ಸಿಕ್ಲಿಲ್ಲ, ಗೊತ್ತುಂಟಾ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಕಡೇ ಪಂಕ್ತಿಗೆ ಕೂತದ್ದು. ಬಡಿಸುವವ ಬಂದ, ಬೇಡ ಅಂದೆ. ಅವ ಹೋದ, ಮತ್ತೆ ಬರ್ಲೇ ಇಲ್ಲ. ಕಾಯಿಹೋಳಿಗೆ. ನಾಲ್ಕು ದಿನದಿಂದ ನಾನೇ ನಿಂತು ಹೂರಣ ಮಾಡಿಸಿದ್ದು.” ಅವಳ ಕಣ್ಣಲ್ಲಿ ನೀರು ಬಂತೋ ಏನೋ, ಸೆರಗಿನಿಂದ ಫೋನಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಟಳು. “ಯಾರತ್ರ ಹೇಳುದು? ಮದುಮಗಳ ತಾಯಿ ಹೋಳಿಗೆಗೆ ಕೂಗುದಾ?”

ನನ್ನ ಮಗಳಿಗೇ ಈಗ ಮದುವೆಯ ವಯಸ್ಸು. ಆ ಹೋಳಿಗೆ ಅಮ್ಮನಿಗೆ ಇನ್ನೂ ನೆನಪುಂಟು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಬಸ್ಸಿನಲ್ಲಿ ಬರುವಾಗ ಸುಳ್ಯ ಮುಟ್ಟುವವರೆಗೂ ಅದೇ ಯೋಚನೆ. ಇದೇ ರೀತಿ ಬಿಟ್ಟರೆ ಮುದುಕಿಯಾದ ಮೇಲೆ ನಾನೂ ಯಾರನ್ನೋ ಹತ್ತಿರ ಕರೆದು, ಆಚೀಚೆ ನೋಡಿ, ಒಂದು ವೃತ್ತದ ಕತೆ ಹೇಳುತ್ತ ಕೂರಬೇಕಾದೀತು.

ಮರುದಿನ ಕೊಠಡಿಗೆ ಹೋದಾಗ ವಾರಿಜ, “ಇವತ್ತು ಗ್ರೂಪಿಗೆ ಹಾಕುದೇ. ಇನ್ನು ಕಾಯುದು ಬೇಡ” ಎಂದು ಫೋನು ಹಿಡಿದು ಕೂತಿದ್ದಳು. ಸುಮತಿಯಕ್ಕ ನನ್ನನ್ನು ಕಂಡವಳೇ, “ಬಂದಳು ನೋಡಿ. ಇವತ್ತು ಯಾರನ್ನು ಕರ್ಕೊಂಡು ಬಂದಿದ್ದೀ? ಪೊಲೀಸರನ್ನಾ?” ಎಂದು ನಕ್ಕಳು.

ನಾನು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದೆ. “ನನ್ನ ಫೋಟೋ ಹಾಕಬೇಕು. ನಂಗೆ ಬೇಕು.”

ಗ್ರೈಂಡರಿನ ಶಬ್ದವೂ ಇರಲಿಲ್ಲ, ಎಲ್ಲರಿಗೂ ಸರಿಯಾಗಿಯೇ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಮಕ್ಕಳನ್ನು ಹೆತ್ತು, ಮನೆ ಕಟ್ಟಿಸಿ, ಇಷ್ಟು ವಯಸ್ಸಾಗುವವರೆಗೆ ಬೇಕು ಎಂಬ ಮಾತನ್ನು ಯಾರ ಒತ್ತಾಯವೂ ಇಲ್ಲದೆ ನಾನಾಗಿ ಹೇಳಿದ್ದು ಅದೇ ಮೊದಲು ಇರಬೇಕು. ಕೈ ಚೀಲದಿಂದ ಲಕೋಟೆ ತೆಗೆದು ಮಣೆಯ ಮೇಲೆ ಇಟ್ಟೆ.

ಕಮಲಕ್ಕ ಫೋಟೋ ಎತ್ತಿ ನೋಡಿದಳು, ನನ್ನನ್ನು ನೋಡಿದಳು. “ಇಷ್ಟು ಹೇಳಲಿಕ್ಕೆ ನೀನು ಕಳ್ಳರು, ಹಲ್ಲಿನ ಡಾಕ್ಟ್ರು, ಪಾಯಸದ ಮಾವ, ಎಲ್ಲರನ್ನೂ ಮೆರವಣಿಗೆ ಮಾಡಿಸಿದ್ದಾ?”

“ಬೇಡ ಅಂದದ್ದು ನೀನೇ ಅಲ್ವಾ ಮಾರಾಯ್ತಿ?” ಎಂದಳು ಸುಮತಿಯಕ್ಕ. ಆದರೆ ಅವಳ ದನಿ ಮೆತ್ತಗಾಗಿತ್ತು. “ಸರಿ, ದುಡ್ಡಿನದ್ದೇ ತಗೊಳ್ಳುವ. ಎಂತ ಮಾಡುದು?”

ಆಗ ಮೂಲೆಯಿಂದ ಜಯಂತಿ ಕೂಗಿದಳು, “ದುಡ್ಡು ಎಂತಕ್ಕೆ? ನಂದು ತೆಗೀರಿ!”

ಎಲ್ಲರೂ ಅಭ್ಯಾಸಬಲದಿಂದ “ಛೆ ಛೆ, ನಿಂದು ಇರಲಿ” ಎಂದು ಶುರು ಮಾಡಿದೆವು. ಜಯಂತಿ ಎರಡೂ ಕೈ ಜೋಡಿಸಿ ಎದ್ದು ನಿಂತಳು. “ನಂಗೆ ನಿಜವಾಗಿಯೂ ಬೇಡ ಮಾರಾಯ್ರೆ! ಆವತ್ತಿನಿಂದ ಬೊಬ್ಬೆ ಹಾಕ್ತಾ ಇದ್ದೇನೆ, ಯಾರು ಕೇಳ್ತೀರಿ?”

ಆಮೇಲೆ ಸಂಗತಿ ಹೊರಗೆ ಬಂತು. ಕಡಬದಲ್ಲಿರುವ ಅವಳ ನಾದಿನಿಯ ಮನೆಯಲ್ಲಿ ತಿಂಗಳಿಗೊಂದು ಕಾರ್ಯಕ್ರಮ. ಎಲ್ಲದಕ್ಕೂ ಕಾಯಿ ತುರಿಯಲು ಜಯಂತಿಯೇ ಆಗಬೇಕು. ಸಾಕಾಗಿ, ಬಲಗೈ ಭುಜಕ್ಕಿಂತ ಮೇಲೆ ಏಳುವುದೇ ಇಲ್ಲ ಎಂದು ಅವಳು ನಾದಿನಿಯ ಹತ್ತಿರ ಹೇಳಿಕೊಂಡಿದ್ದಳು. ನಾದಿನಿ ಪಾಪ, ನೋವಿನ ಎಣ್ಣೆಯನ್ನೂ ಕಳಿಸಿದ್ದಳಂತೆ. ಇಲ್ಲಿ ನೋಡಿದರೆ, ಅದೇ ಬಲಗೈಯಲ್ಲಿ ಗೆರಸೆಯನ್ನು ಆಕಾಶಕ್ಕೆ ಎತ್ತಿ ನಗುತ್ತಿರುವ ಜಯಂತಿಯನ್ನು ನಾವು ವೃತ್ತದೊಳಗೆ ಕೂರಿಸಿ ಊರಿಗೆಲ್ಲ ಹಂಚಲು ಹೊರಟಿದ್ದೆವು!

ಕಮಲಕ್ಕ ನಗುತ್ತ ನಗುತ್ತ ಗೋಡೆಗೆ ಒರಗಿದಳು. ಸುಮತಿಯಕ್ಕನಿಗೆ ಮಾತ್ರ ಇನ್ನೂ ಅನುಮಾನ. “ನಿಜಕ್ಕೂ ಬೇಡವಾ? ಆಮೇಲೆ ನೀನೂ ಹೀಗೆ ಬಾಗಿಲಲ್ಲಿ ನಿಂತು ಕೇಳುದಿಲ್ಲ ಅಲ್ವಾ?” ಎಂದು ಮತ್ತೆ ಮತ್ತೆ ಕೇಳಿದಳು. ಕಡೆಗೆ ಜಯಂತಿ ಊರ ದೇವರ ಮೇಲೆ ಆಣೆ ಹಾಕಿದ ಮೇಲೆಯೇ ಅವಳು ನಂಬಿದ್ದು.

ವಾರಿಜ ನನ್ನ ಫೋಟೋದ ಫೋಟೋ ತೆಗೆದು, ಜಯಂತಿಯನ್ನು ಅಳಿಸಿ, ಆ ಜಾಗದಲ್ಲಿ ನನ್ನನ್ನು ಇಟ್ಟಳು. ಕೆಳಗೆ ‘ಶಾರದಾ, ಮಾಂಬಳ’ ಎಂದು ಬರೆದಳು. ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಬಗ್ಗಿದರು. ಎಲ್ಲರಿಗಿಂತ ಹತ್ತಿರ ಬಗ್ಗಿದ್ದು ಜಯಂತಿ. ಅವಳಷ್ಟು ಸಂತೋಷದಿಂದ ನನ್ನ ಮುಖವನ್ನು ಬೇರೆ ಯಾರೂ ನೋಡಿದ ನೆನಪಿಲ್ಲ.

“ಸರಿ ಆಯ್ತಾ ಅಕ್ಕ? ಸಾಕಾ?” ಎಂದು ವಾರಿಜ ಕೇಳಿದಳು.

ಇಂಥ ಹೊತ್ತಿನಲ್ಲಿ ‘ಅಯ್ಯೋ, ಇದೇ ಹೆಚ್ಚಾಯಿತು’ ಎನ್ನುವುದು ಕ್ರಮ. ನಾನು ಚಪ್ಪಲಿ ಬಿಚ್ಚಿ ಬದಿಗಿಟ್ಟು, ಅವಳ ಪಕ್ಕ ಸರಿಯಾಗಿ ಕೂತೆ.

“ಇನ್ನೂ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಆಗುದಿಲ್ವಾ?” ಎಂದೆ.